ರಾಕೆಟ್ ನೋಡಲು ಹೋಗಿ ಮಂಜು ನೋಡಿಕೊಂಡು ಬಂದೆ

ರಾಕೆಟ್ ಉಡಾವಣೆ ನೋಡಬೇಕು ಅಂತ ಹೋಗಿ, ಬರೀ ಮಂಜು ನೋಡಿಕೊಂಡು ಬಂದವನು ನಾನು. ಅದೂ ಒಂದಲ್ಲ, ಎರಡು ಸಲ. ಮೊದಲ ಸಲ ಏನೂ ಗೊತ್ತಿಲ್ಲದೆ ಹೋಗಿ ಪೆದ್ದನಾದೆ. ಎರಡನೇ ಸಲ ಏನೂ ಕಾಣಲ್ಲ ಅಂತ ಚೆನ್ನಾಗಿ ಗೊತ್ತಿದ್ದೇ ಹೋದೆ. ಮಜಾ ಸಿಕ್ಕಿದ್ದು ಎರಡನೇ ಸಲವೇ.

ಜಾಗ ಕ್ಯಾಲಿಫೋರ್ನಿಯಾದ ವ್ಯಾಂಡನ್‌ಬರ್ಗ್. ಲೊಂಪೋಕ್ ಅನ್ನೋ ಸಣ್ಣ ಊರಿನ ಪಕ್ಕ, ಪೆಸಿಫಿಕ್ ಸಮುದ್ರದ ದಂಡೆಯಲ್ಲೇ ಇದೆ. ನಾನು ಮೊದಲು ಹೋದಾಗ ಅದು ವಾಯುಪಡೆಯ ನೆಲೆ. 2021ರ ಮೇ ತಿಂಗಳಿಂದ ಬಾಹ್ಯಾಕಾಶ ಪಡೆಯ ನೆಲೆ ಅಂತ ಹೆಸರು ಬದಲಾಗಿದೆ. ಎರಡು ಧ್ರುವಗಳ ಮೇಲೂ ಹಾದುಹೋಗುವ ಉಪಗ್ರಹಗಳನ್ನು ಇಲ್ಲಿಂದ ಕಳಿಸುತ್ತಾರೆ. ಯಾಕಂದ್ರೆ ಇಲ್ಲಿಂದ ದಕ್ಷಿಣಕ್ಕೆ ಹಾರಿಸಿದರೆ ಅಂಟಾರ್ಕ್ಟಿಕಾದವರೆಗೂ ನೀರೇ ನೀರು, ಯಾರ ತಲೆ ಮೇಲೂ ಏನೂ ಬೀಳಲ್ಲ. ರಾಕೆಟ್‌ಗೆ ಹೇಳಿ ಮಾಡಿಸಿದ ಜಾಗ. ನೋಡೋಕೆ ಬರುವವರ ಪಾಲಿಗೆ ಮಾತ್ರ ಇಷ್ಟು ಕೆಟ್ಟ ಜಾಗ ಇನ್ನೊಂದಿಲ್ಲ.

ಮೊದಲ ಸಲ ಹೋಗಿದ್ದು 2018ರ ಮೇ 5ಕ್ಕೆ. ಮಂಗಳ ಗ್ರಹಕ್ಕೆ ಇನ್‌ಸೈಟ್ ನೌಕೆ ಹೊರಟಿತ್ತು, ಅಟ್ಲಾಸ್ 5 ರಾಕೆಟ್‌ನಲ್ಲಿ. ಜೊತೆಗೆ ಮಾರ್ಕೋ ಅನ್ನೋ ಎರಡು ಪುಟಾಣಿ ಉಪಗ್ರಹ. ಅಮೆರಿಕದ ಪಶ್ಚಿಮ ಕರಾವಳಿಯಿಂದ ಬೇರೆ ಗ್ರಹಕ್ಕೆ ಹೊರಟ ಮೊದಲ ನೌಕೆ ಅದು. ಸಮಯ ಬೆಳಗಿನ ಜಾವ 4:05. ನಾನು ಒಳನಾಡಿನಿಂದ ಹೊರಟಾಗ ಆಕಾಶ ತುಂಬ ನಕ್ಷತ್ರ. ಕಾರಿನ ಗಾಜು ಇಳಿಸಿಕೊಂಡು, ಹಾಡು ಹಾಕಿಕೊಂಡು ಹೋದೆ. ಲೊಂಪೋಕ್ ಕಡೆಗೆ ಇಳಿಜಾರು ಶುರುವಾಯಿತು. ಒಂದು ತಿರುವಿನಲ್ಲಿ ನಕ್ಷತ್ರ ಇತ್ತು, ಮುಂದಿನ ತಿರುವಿನಲ್ಲಿ ಇರಲಿಲ್ಲ. ರಸ್ತೆಯ ಮಧ್ಯದ ಗೆರೆ ಕೂಡ ಕಾಣಲಿಲ್ಲ.

ಆದರೂ ಆಸೆ ಬಿಡಲಿಲ್ಲ. ರಾಕೆಟ್ ಬೆಂಕಿ ಅಂದ್ರೆ ಸುಮ್ನೇನಾ, ಮಂಜಿನೊಳಗಿಂದ ಒಂದು ಚೂರಾದರೂ ಕೆಂಪಗೆ ಕಂಡೀತು ಅಂದುಕೊಂಡೆ. 4:05 ಆಯಿತು. ಎಲ್ಲೋ ದೂರದಲ್ಲಿ ಲಾರಿ ಏರು ಹತ್ತುತ್ತಿರುವ ಹಾಗೆ ಒಂದು ಗುಡುಗುಡು. ಯಾವ ದಿಕ್ಕು ಅಂತ ನೋಡುವಷ್ಟರಲ್ಲಿ ಅದೂ ಸಣ್ಣಗಾಯಿತು. ಪಕ್ಕದಲ್ಲಿದ್ದವರು ಟಾರ್ಚ್ ಹಾಕಿಕೊಂಡು ಕುರ್ಚಿ ಮಡಚಲು ಶುರು ಮಾಡಿದರು. ನಾನು ಇನ್ನೂ ಹತ್ತು ನಿಮಿಷ ತಪ್ಪು ದಿಕ್ಕಿಗೆ ಮುಖ ಮಾಡಿಕೊಂಡು ನಿಂತಿದ್ದೆ. ತಪ್ಪು ದಿಕ್ಕು ಅಂತ ಗೊತ್ತಾಗಿದ್ದು ಆಮೇಲೆ, ಫೋನಿನ ಮ್ಯಾಪ್ ತೆಗೆದು ನೋಡಿದಾಗ.

ಮನೆಗೆ ಬಂದು ಮಾಡಿದ ಮೊದಲ ಕೆಲಸ, ಈ ಮಂಜು ಎಲ್ಲಿಂದ ಬರುತ್ತದೆ ಅಂತ ಓದಿದ್ದು. ಅಲ್ಲಿನ ಸಮುದ್ರ ಬೇಸಿಗೆಯಲ್ಲೂ ತಣ್ಣಗಿರುತ್ತದೆ. ಉತ್ತರದಿಂದ ತಣ್ಣೀರಿನ ಪ್ರವಾಹ ಬರುತ್ತದೆ. ಜೊತೆಗೆ ದಂಡೆಯುದ್ದಕ್ಕೂ ಬೀಸುವ ಗಾಳಿ ಮೇಲಿನ ನೀರನ್ನು ಆಚೆ ತಳ್ಳುತ್ತದೆ, ಆ ಜಾಗಕ್ಕೆ ಆಳದ ತಣ್ಣೀರು ಎದ್ದು ಬರುತ್ತದೆ. ಆ ನೀರಿಗೆ ತಾಗಿಕೊಂಡಿರುವ ಗಾಳಿ ತಣ್ಣಗಾಗಿ, ತೇವ ತುಂಬಿ, ಮಂಜಾಗುತ್ತದೆ. ಅದರ ಮೇಲೆ ಎತ್ತರದಿಂದ ಇಳಿಯುವ ಬಿಸಿ, ಒಣ ಗಾಳಿ ಪಾತ್ರೆಗೆ ಮುಚ್ಚಳ ಇಟ್ಟ ಹಾಗೆ ಕೂತಿರುತ್ತದೆ. ಸಾಮಾನ್ಯವಾಗಿ ಮೇಲೆ ಹೋದಷ್ಟೂ ಚಳಿ ಜಾಸ್ತಿ ಅಲ್ವಾ, ಇಲ್ಲಿ ಉಲ್ಟಾ. ಕೆಳಗೆ ಸ್ವೆಟರ್, ಗುಡ್ಡದ ಮೇಲೆ ಅರ್ಧ ತೋಳಿನ ಅಂಗಿ. ಮಂಜು ಆ ಮುಚ್ಚಳ ದಾಟಿ ಮೇಲೆ ಹೋಗಲಾರದು. ಮೇ, ಜೂನ್ ತಿಂಗಳುಗಳಲ್ಲಿ ಇದರ ಕಾಟ ಜಾಸ್ತಿ. ಅಲ್ಲಿಯವರು ಜೂನ್ ತಿಂಗಳ ಈ ಮಬ್ಬಿಗೆ 'ಜೂನ್ ಗ್ಲೂಮ್' ಅಂತಲೇ ಹೆಸರಿಟ್ಟಿದ್ದಾರೆ.

ಓದುತ್ತಾ ಇನ್ನೊಂದು ಕಥೆ ಸಿಕ್ಕಿತು. ಉಡಾವಣಾ ಕಟ್ಟೆಗಳಿಂದ ಸ್ವಲ್ಪ ದಕ್ಷಿಣಕ್ಕೆ, ನೆಲೆಯ ಒಳಗೇ, ಹೋಂಡಾ ಪಾಯಿಂಟ್ ಅಂತ ಒಂದು ಕಲ್ಲಿನ ಚಾಚು ಇದೆ. 1923ರ ಸೆಪ್ಟೆಂಬರ್ 8ರ ರಾತ್ರಿ ಅಮೆರಿಕ ನೌಕಾಪಡೆಯ ಡಿಸ್ಟ್ರಾಯರ್ ಹಡಗುಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ಸ್ಯಾನ್ ಡಿಯಾಗೋಗೆ ಸಾಲಾಗಿ ಹೊರಟಿದ್ದವು. ಎಲ್ಲಿದ್ದೇವೆ ಅನ್ನೋದನ್ನು ವೇಗ ಮತ್ತು ಸಮಯದ ಲೆಕ್ಕದಲ್ಲೇ ಅಂದಾಜು ಮಾಡಿಕೊಂಡು ಹೋಗುತ್ತಿದ್ದರು. ದಂಡೆಯ ರೇಡಿಯೋ ಕೇಂದ್ರ ದಿಕ್ಕು ಹೇಳುತ್ತಿತ್ತು, ಆದರೆ ಅದು ತಮ್ಮ ಲೆಕ್ಕಕ್ಕೆ ಹೊಂದಲಿಲ್ಲ ಅಂತ ನಂಬಲಿಲ್ಲ. ಮಂಜಿನಲ್ಲಿ ತಿರುವು ತೆಗೆದುಕೊಂಡವು. ಒಂದರ ಹಿಂದೆ ಒಂದು ಏಳು ಹಡಗು ಬಂಡೆಗೆ ಬಡಿದವು. 23 ಜನ ಸತ್ತರು. ಅದನ್ನು ಓದಿದ ಮೇಲೆ ತಪ್ಪು ದಿಕ್ಕಿಗೆ ನೋಡುತ್ತಾ ನಿಂತಿದ್ದ ನನ್ನ ಬಗ್ಗೆ ಅಷ್ಟೇನೂ ಬೇಜಾರಾಗಲಿಲ್ಲ. ಆದರೆ ಕಣ್ಣು ಕೈಕೊಟ್ಟ ಜಾಗದಲ್ಲಿ ಕಿವಿಗೆ ಬೀಳುವುದನ್ನು ನಂಬಬೇಕು ಅನ್ನೋದು ಆಗ ತಲೆಯಲ್ಲಿ ಕೂತಿತು.

ಎರಡನೇ ಸಲಕ್ಕೆ ತಯಾರಿ ಮಾಡಿಕೊಂಡೆ. ಮಂಜು ಇರುತ್ತೋ ಇಲ್ಲವೋ ಅಂತ ಊಹೆ ಮಾಡಬೇಕಾಗಿಲ್ಲ, ನೋಡಿ ಹೇಳಬಹುದು. ವಿಮಾನ ನಿಲ್ದಾಣಗಳು ಗಂಟೆಗೊಮ್ಮೆ ಹವಾಮಾನ ವರದಿ ಕೊಡುತ್ತವೆ, ಪೈಲಟ್‌ಗಳು ಅದನ್ನು ಮೆಟಾರ್ ಅನ್ನುತ್ತಾರೆ. ವ್ಯಾಂಡನ್‌ಬರ್ಗ್‌ದೂ ಸಿಗುತ್ತದೆ, ಪಕ್ಕದ ಲೊಂಪೋಕ್, ಸಾಂಟಾ ಮರಿಯಾದ್ದೂ ಸಿಗುತ್ತದೆ. ನೋಡಬೇಕಾದ್ದು ಎರಡೇ. ಒಂದು, ಎಷ್ಟು ಮೈಲಿ ಕಾಣುತ್ತದೆ ಅನ್ನೋದು. ಇನ್ನೊಂದು, 'ಓವಿಸಿ' ಅನ್ನೋ ಅಕ್ಷರಗಳ ಮುಂದಿರುವ ಮೂರು ಅಂಕಿ. ಅದು ಮೋಡದ ತಳ ಎಷ್ಟು ನೂರು ಅಡಿ ಮೇಲಿದೆ ಅಂತ ಹೇಳುತ್ತದೆ. 020 ಇದ್ದರೆ ಎರಡು ಸಾವಿರ ಅಡಿ, ರಾಕೆಟ್ ಮೇಲೇಳುವುದಾದರೂ ಕಾಣುತ್ತದೆ. 002 ಇದ್ದರೆ ಇನ್ನೂರೇ ಅಡಿ. ಫಾಲ್ಕನ್ 9 ರಾಕೆಟ್ಟೇ 70 ಮೀಟರ್ ಎತ್ತರ, ಅಂದರೆ 230 ಅಡಿ. ಅದು ನಿಂತಲ್ಲೇ ತಲೆ ಮೋಡದೊಳಗೆ!

ಮಂಜಿನ ತಳಕ್ಕಿಂತ ಮುಖ್ಯವಾದದ್ದು ಮಂಜಿನ ನೆತ್ತಿ. ಅದು ಮೆಟಾರ್‌ನಲ್ಲಿ ಸಿಗಲ್ಲ. ಅದಕ್ಕೆ ಹವಾಮಾನ ಬಲೂನಿನ ಲೆಕ್ಕ ನೋಡಬೇಕು. ವ್ಯಾಂಡನ್‌ಬರ್ಗ್‌ನಿಂದಲೇ ಬಲೂನ್ ಬಿಡುತ್ತಾರೆ, ಬೇಸಿಗೆಯಲ್ಲಿ ಅಲ್ಲಿನ ಗಡಿಯಾರದ ಪ್ರಕಾರ ಬೆಳಿಗ್ಗೆ ಐದು ಮತ್ತು ಸಂಜೆ ಐದರ ಲೆಕ್ಕ ಸಿಗುತ್ತದೆ. ಆ ಗ್ರಾಫ್‌ನಲ್ಲಿ ಉಷ್ಣಾಂಶದ ಗೆರೆ ಇಳಿಯುತ್ತಾ ಹೋಗಿ, ಒಂದು ಎತ್ತರದಲ್ಲಿ ತಟ್ಟನೆ ಬಲಕ್ಕೆ, ಅಂದರೆ ಬಿಸಿಯ ಕಡೆಗೆ, ವಾಲುತ್ತದೆ. ಅದೇ ಮುಚ್ಚಳ. ಅದಕ್ಕಿಂತ ಎತ್ತರದ ಗುಡ್ಡ ಹತ್ತಿದರೆ ನೀವು ಮಂಜಿನ ಮೇಲೆ. ಕೆಳಗಿದ್ದರೆ ಒಳಗೆ. ಮಧ್ಯದ ದಾರಿ ಇಲ್ಲ. ಸುಮ್ನೆ ಅರ್ಧ ಗುಡ್ಡ ಹತ್ತಿ ನಿಂತವರು ಎರಡೂ ಕಡೆಯಿಂದ ಕೆಟ್ಟರು: ಹತ್ತಿರವೂ ಇಲ್ಲ, ಮೇಲೂ ಇಲ್ಲ.

ಇನ್ನೊಂದು ಮಾತು. 'ಮಂಜು ಇದೆ, ಉಡಾವಣೆ ಮುಂದಕ್ಕೆ ಹಾಕ್ತಾರೆ' ಅಂತ ಕೆಲವರು ಮಲಗಿಬಿಡುತ್ತಾರೆ. ಹಾಗೇನಿಲ್ಲ. ರಾಕೆಟ್ ತಡೆಯೋದು ಸಿಡಿಲಿನ ಭಯ ಇರುವ ಮೋಡ, ಮೇಲ್ಮಟ್ಟದ ಜೋರು ಗಾಳಿ, ಇಂಥವು. ರಾಕೆಟ್‌ನ ದಾರಿ ನೋಡಿಕೊಳ್ಳೋದು ರೇಡಾರ್, ಜಿಪಿಎಸ್, ರೇಡಿಯೋ. ಅವಕ್ಕೆ ಮಂಜು ಲೆಕ್ಕಕ್ಕೇ ಇಲ್ಲ.

2019ರ ಜೂನ್ 12, ಬೆಳಿಗ್ಗೆ 7:17. ಕೆನಡಾದ ಮೂರು ರೇಡಾರ್‌ಸ್ಯಾಟ್ ಉಪಗ್ರಹಗಳು ಒಂದೇ ಫಾಲ್ಕನ್ 9ರಲ್ಲಿ ಹೊರಟಿದ್ದವು. ಈ ಸಲ ನನ್ನ ಜೊತೆ ಭಾವ ಬಂದಿದ್ದರು. ಅಕ್ಕನ ಗಂಡ. ಫೋಟೋ ಹುಚ್ಚು. ಒಂದು ಮಗುವಿನಷ್ಟು ಭಾರದ ಲೆನ್ಸ್ ಇಟ್ಟುಕೊಂಡಿದ್ದಾರೆ, ಅದನ್ನು ಮಗುವಿನ ಹಾಗೇ ಸೀಟ್‌ಬೆಲ್ಟ್ ಹಾಕಿ ಕೂರಿಸುತ್ತಾರೆ.

ಆ ವಾರ ಕ್ಯಾಲಿಫೋರ್ನಿಯಾದಲ್ಲಿ ಕೆಟ್ಟ ಸೆಕೆ. ಯಾವಾಗಲೂ ತಣ್ಣಗಿರುವ ಸ್ಯಾನ್ ಫ್ರಾನ್ಸಿಸ್ಕೋದ ವಿಮಾನ ನಿಲ್ದಾಣದಲ್ಲೇ ಜೂನ್ 10ಕ್ಕೆ 100 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತ್ತು. ಸೆಕೆ ಇದ್ದರೆ ಮಂಜು ಓಡಿಹೋಗುತ್ತದೆ ಅಂತ ಅನ್ನಿಸೋದು ಸಹಜ. ಭಾವನೂ ಹಾಗೇ ಅಂದರು. ಆದರೆ ಮೇಲಿನ ಗಾಳಿ ಬಿಸಿಯಾದಷ್ಟೂ ಮುಚ್ಚಳ ಕೆಳಗೆ ಒತ್ತುತ್ತದೆ. ತಣ್ಣನೆಯ ಪದರ ತೆಳುವಾಗಿ ನೆಲಕ್ಕೇ ಅಂಟಿಕೊಳ್ಳುತ್ತದೆ. ಮೋಡವಾಗಿ ಮೇಲಿರಬೇಕಾದ್ದು ಮಂಜಾಗಿ ರಸ್ತೆ ಮೇಲೆ ಕೂರುತ್ತದೆ. ಹಿಂದಿನ ರಾತ್ರಿಯೇ ಭಾವನಿಗೆ ಹೇಳಿದೆ.

"ಭಾವ, ನಾಳೆ ಏನೂ ಕಾಣಲ್ಲ. ಗುಡ್ಡಕ್ಕೆ ಹೋದ್ರೆ ದೂರದಿಂದ ಒಂದು ಗೆರೆ ಕಾಣಬಹುದು. ಇಲ್ಲಾಂದ್ರೆ ಆದಷ್ಟು ಹತ್ತಿರ ಹೋಗಿ ಬರೀ ಕೇಳೋಣ. ನನಗೆ ಕೇಳೋದೇ ಬೇಕು."

"ಬರೀ ಕೇಳೋಕೆ ಇಷ್ಟು ದೂರ ಬಂದ್ವಾ?"

"ಈ ಸಲ ರಾಕೆಟ್‌ನ ಮೊದಲ ಹಂತ, ಅಂದ್ರೆ ಕೆಳಗಿನ ದೊಡ್ಡ ಭಾಗ, ವಾಪಸ್ ಬಂದು ಅದೇ ಜಾಗದ ಪಕ್ಕ ಇಳಿಯುತ್ತೆ. ಹೋಗೋದೂ ಕೇಳುತ್ತೆ, ಬರೋದೂ ಕೇಳುತ್ತೆ."

ಭಾವ ಒಪ್ಪಿದರು ಅನ್ನೋದಕ್ಕಿಂತ, ನಿದ್ದೆ ಬಂದು ಸುಮ್ಮನಾದರು. ಆದರೆ ಲೆನ್ಸ್ ಬಿಟ್ಟು ಬರಲಿಲ್ಲ.

ಬೆಳಿಗ್ಗೆ ನಾಲ್ಕೂವರೆಗೆ ಹೊರಟೆವು. ಮಂಜಲ್ಲಿ ಗಾಡಿ ಓಡಿಸುವಾಗ ಹೆಡ್‌ಲೈಟ್ ಡಿಮ್‌ನಲ್ಲೇ ಇರಬೇಕು. ಹೈಬೀಮ್ ಹಾಕಿದರೆ ಬೆಳಕೆಲ್ಲ ವಾಪಸ್ ನಮ್ಮ ಕಣ್ಣಿಗೇ ಹೊಡೆಯುತ್ತದೆ, ಎದುರಿಗೆ ಬಿಳಿ ಗೋಡೆ. ಲೊಂಪೋಕ್ ದಾಟಿ ಓಷನ್ ಅವೆನ್ಯೂ ಹಿಡಿದು ಸಮುದ್ರದ ಕಡೆಗೆ ಹೋದೆವು. ಅದರ ತುದಿಗಿರುವ ಸರ್ಫ್ ಬೀಚ್ ಉಡಾವಣೆಯ ಹೊತ್ತಿಗೆ ಮುಚ್ಚಿರುತ್ತದೆ, ಹಾಗಾಗಿ ಅದಕ್ಕೂ ಎಷ್ಟೋ ಮೊದಲೇ ರಸ್ತೆ ಬದಿ ನಿಲ್ಲಬೇಕು. ಎರಡೂ ಕಡೆ ಹೊಲ. ಎಷ್ಟು ಹೊಲ ಅಂತ ಹೇಳಲಾರೆ, ಬೇಲಿಯ ಮೂರು ಕಂಬ ಕಾಣುತ್ತಿತ್ತು ಅಷ್ಟೇ.

ಇಳಿದ ಕೂಡಲೇ ನಾನು ಮಾಡಿದ್ದು ದಿಕ್ಕು ಗುರುತು ಹಾಕಿದ್ದು. ಹಳೇ ಪಾಠ. ಫೋನಿನ ಮ್ಯಾಪ್‌ನಲ್ಲಿ ಉಡಾವಣಾ ಕಟ್ಟೆ ಹುಡುಕಿ, ದಿಕ್ಸೂಚಿ ನೋಡಿ, ನೆಲದ ಮೇಲೆ ಛತ್ರಿ ಮಲಗಿಸಿ ಅದರ ತುದಿಯನ್ನು ಆ ಕಡೆ ತಿರುಗಿಸಿದೆ. ಆಮೇಲೆ ಗಡಿಯಾರ. ಇದು ತುಂಬಾ ಜನ ತಪ್ಪು ಮಾಡುವ ಜಾಗ. ಫೋನ್‌ನಲ್ಲಿ ನೇರ ಪ್ರಸಾರ ನೋಡಿಕೊಂಡು ಕೌಂಟ್‌ಡೌನ್ ಎಣಿಸುತ್ತಾರೆ. 'ನೇರ' ಅನ್ನೋದು ಹೆಸರಿಗೆ ಮಾತ್ರ, ಫೋನ್‌ಗೆ ಬರುವಷ್ಟರಲ್ಲಿ ಅರ್ಧ ನಿಮಿಷ ಹಳೆಯದಾಗಿರಬಹುದು. ಕಾಣುವ ದಿನ ಅದು ಪರವಾಗಿಲ್ಲ, ಕಣ್ಣೇ ಹೇಳುತ್ತದೆ. ಕಾಣದ ದಿನ ಸಮಯವೇ ಎಲ್ಲ. ಹಾಗಾಗಿ ಸೆಕೆಂಡ್ ಮುಳ್ಳಿರುವ ಕೈಗಡಿಯಾರವನ್ನು ಹಿಂದಿನ ರಾತ್ರಿಯೇ ಸರಿಯಾದ ಸಮಯಕ್ಕೆ ಹೊಂದಿಸಿಕೊಂಡಿದ್ದೆ.

ಅಷ್ಟರಲ್ಲಿ ಭಾವ ಟ್ರೈಪಾಡ್ ನಿಲ್ಲಿಸಿ ಲೆನ್ಸ್ ಏರಿಸಿದ್ದರು. ಎರಡೇ ನಿಮಿಷಕ್ಕೆ ಮುಂದಿನ ಗಾಜಿನ ಮೇಲೆ ಸಣ್ಣ ಸಣ್ಣ ಹನಿ. ಅಂಗಿಯ ತುದಿಯಿಂದ ಒರೆಸಿದರು, ಹನಿ ಹೋಗಿ ಕಲೆ ಬಂತು. ಮತ್ತೆ ಹನಿ. ಮತ್ತೆ ಒರೆಸಿದರು. ಮಂಜಲ್ಲಿ ಗಾಜು ಒರೆಸಿ ಗೆಲ್ಲೋಕಾಗಲ್ಲ, ಅದನ್ನು ಸ್ವಲ್ಪ ಬೆಚ್ಚಗೆ ಇಡಬೇಕು. ಜೇಬಿನಲ್ಲಿಟ್ಟುಕೊಂಡು ಕೈ ಬಿಸಿ ಮಾಡಿಕೊಳ್ಳುವ ಪೊಟ್ಟಣ ಬರುತ್ತಲ್ಲ, ಅಂಥ ಎರಡನ್ನು ಲೆನ್ಸ್ ಬಾಯಿಯ ಸುತ್ತ ರಬ್ಬರ್‌ಬ್ಯಾಂಡ್ ಹಾಕಿ ಕಟ್ಟಿದೆ. ಹೊತ್ತಾಗುವವರೆಗೂ ಮೂತಿ ಕೆಳಗೆ ಮಾಡಿ ಮೇಲೊಂದು ಟವೆಲ್. ಹತ್ತು ನಿಮಿಷಕ್ಕೆ ಗಾಜು ಸ್ವಚ್ಛ ಆಯಿತು. ಭಾವ ವ್ಯೂಫೈಂಡರ್‌ನಲ್ಲಿ ಇಣುಕಿ ನೋಡಿದರು.

"ಈಗ ಮಂಜು ಬಹಳ ಚೆನ್ನಾಗಿ ಕಾಣಿಸ್ತಿದೆ" ಅಂದರು.

ಅಷ್ಟರಲ್ಲಿ ಬೆಳಕು ಬಂತು. ಬೆಳಕು ಅಂದ್ರೆ, ಕಪ್ಪು ಇದ್ದದ್ದು ಬೂದು ಆಯಿತು. ರಸ್ತೆ ಬದಿ ನಮ್ಮಂಥ ಹತ್ತಾರು ಕಾರು. ಎಲ್ಲರೂ ಪಿಸುಮಾತಿನಲ್ಲೇ ಮಾತಾಡುತ್ತಿದ್ದರು. ಮಂಜಿದ್ದರೆ ಜನ ಯಾಕೋ ಧ್ವನಿ ಇಳಿಸುತ್ತಾರೆ.

ನನ್ನ ಗಡಿಯಾರದಲ್ಲಿ ಹೊತ್ತು ಮುಟ್ಟಿತು. "ಭಾವ, ಈಗ ಹೊರಡ್ತು" ಅಂದೆ. ಅವರು ಆಚೀಚೆ ನೋಡಿದರು. ಏನೂ ಇಲ್ಲ. ಬೆಂಕಿ ಇಲ್ಲ, ಬೆಳಕಿಲ್ಲ, ಬೂದು ಬಣ್ಣ ಒಂದು ಚೂರೂ ಬದಲಾಗಲಿಲ್ಲ. ನಾನು ಎಣಿಸಲು ಶುರು ಮಾಡಿದೆ. ಒಂದು, ಎರಡು, ಮೂರು. 549 ಟನ್ ತೂಕದ ಒಂದು ವಸ್ತು ಒಂಬತ್ತು ಎಂಜಿನ್ ಮೇಲೆ ನೆಲ ಬಿಟ್ಟು ಏಳುತ್ತಿದೆ, ಇಲ್ಲಿ ಬೇಲಿ ಕಂಬದಿಂದ ಹನಿ ಬೀಳೋದು ಕೇಳಿಸುತ್ತಿದೆ. ಹನ್ನೆರಡು, ಹದಿಮೂರು. ಪಕ್ಕದ ಕಾರಿನವರ ಫೋನ್‌ನಲ್ಲಿ ಕೌಂಟ್‌ಡೌನ್ ಇನ್ನೂ ನಡೆಯುತ್ತಲೇ ಇತ್ತು. ಅವರ ಪಾಲಿಗೆ ರಾಕೆಟ್ ಇನ್ನೂ ನೆಲದ ಮೇಲಿದೆ. ಇಪ್ಪತ್ತೊಂದು, ಇಪ್ಪತ್ತೆರಡು.

ಇಪ್ಪತ್ತನಾಲ್ಕಕ್ಕೆ ಬಂತು.

ಮೊದಲು ಕಿವಿಗೆ ಬರಲಿಲ್ಲ. ಕಾರಿನ ಬಾನೆಟ್ ಮೇಲೆ ಕೈ ಊರಿದ್ದೆ, ಅಂಗೈ ಕೆಳಗೆ ತಗಡು ಜುಂ ಅಂದಿತು. ಬಾನೆಟ್ ತುಂಬ ಇಬ್ಬನಿ ಹನಿ ಕೂತಿತ್ತು. ಅವು ನಡುಗಿ, ಪಕ್ಕದ ಹನಿಯನ್ನು ಸೇರಿಕೊಂಡು, ದಪ್ಪಗಾಗಿ ಜಾರಿದವು. ಆಮೇಲೆ ಸದ್ದು. ಲಾರಿ ಸದ್ದಿನ ಹಾಗಲ್ಲ, ಗುಡುಗಿನ ಹಾಗೂ ಅಲ್ಲ. ಗುಡುಗು ಬಂದು ಹೋಗುತ್ತದೆ. ಇದು ಬಂದು ನಿಂತಿತು. ಕೆಳಗೊಂದು ದಪ್ಪ ಮೊರೆತ, ಅದರ ಮೇಲೆ ಗಟ್ಟಿ ಬಟ್ಟೆಯನ್ನು ಯಾರೋ ಪರಪರ ಹರಿಯುತ್ತಿರುವ ಹಾಗೆ ಪಟಪಟ. ಪಕ್ಕದ ಫೋನ್‌ನಲ್ಲಿ ಇನ್ನೂ ಐದಾರು ಸೆಕೆಂಡ್ ಬಾಕಿ ಇತ್ತು. ಅದನ್ನೇ ನೋಡುತ್ತಿದ್ದವರು ಬೆಚ್ಚಿ ತಲೆ ಎತ್ತಿದರು. ನನಗೆ ನಗು ಬಂತು.

ಲೆಕ್ಕ ಹಾಕಿ. ಹನ್ನೆರಡು ಡಿಗ್ರಿ ಸೆಲ್ಸಿಯಸ್ ಚಳಿಯ ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 338 ಮೀಟರ್ ಹೋಗುತ್ತದೆ. 24 ಸೆಕೆಂಡ್ ಅಂದರೆ ಎಂಟು ಕಿಲೋಮೀಟರ್ ಚಿಲ್ಲರೆ. ಮ್ಯಾಪ್‌ನಲ್ಲಿ ಅಳೆದದ್ದೂ ಅಷ್ಟೇ ಇತ್ತು. ಕಾಣದ ವಸ್ತುವಿನ ದೂರ ಗಡಿಯಾರದಲ್ಲಿ ಅಳೆದು ಸರಿ ಬಂದಾಗ ಆಗುವ ಖುಷಿ ಚಿಕ್ಕದೇ, ಆದರೆ ನಾನು ಅದಕ್ಕೇ ಹೋಗಿದ್ದು.

ಇನ್ನೊಂದು ಗಮನಿಸಿದೆ. ಸದ್ದು ಛತ್ರಿ ತೋರಿಸುತ್ತಿದ್ದ ಕಡೆಯಿಂದ ಬಂತು, ಆದರೆ ಹತ್ತು ಸೆಕೆಂಡಿನಲ್ಲಿ ಸುತ್ತಲಿಂದಲೂ ಬರುತ್ತಿತ್ತು. ಆ ಬಿಸಿ ಗಾಳಿಯ ಮುಚ್ಚಳ ಇಲ್ಲೂ ಕೆಲಸ ಮಾಡುತ್ತದೆ. ಮೇಲೆ ಹೋಗಬೇಕಾದ ಸದ್ದನ್ನು ಕೆಳಗೆ ಬಗ್ಗಿಸುತ್ತದೆ. ಸದ್ದು ಅದರಡಿಯಲ್ಲೇ ಸಿಕ್ಕಿಹಾಕಿಕೊಂಡು ದೂರದವರೆಗೂ ಹೋಗುತ್ತದೆ. ಮಂಜಿನ ಹನಿಗಳು ಇಂಥ ದಪ್ಪ ಸದ್ದನ್ನು ಹೆಚ್ಚೇನೂ ಹೀರಿಕೊಳ್ಳಲ್ಲ. ಕಣ್ಣಿಗೆ ಅಡ್ಡ ಬಂದ ಹವೆಯೇ ಕಿವಿಗೆ ಸಹಾಯ ಮಾಡುತ್ತಿತ್ತು. ಎರಡು ನಿಮಿಷ ದಾಟಿದರೂ ಕೇಳಿಸುತ್ತಲೇ ಇತ್ತು. ಕೊನೆಗೆ ಯಾವಾಗ ನಿಂತಿತು ಅಂತ ಹೇಳಲಾರೆ. ನಿಂತಿದೆ ಅಂದುಕೊಂಡು ಉಸಿರು ಬಿಟ್ಟರೆ ಇನ್ನೂ ಇತ್ತು.

ಆಮೇಲೆ ಕಾಯುವ ಹೊತ್ತು. ಅರ್ಧ ಜನ ಕಾರು ಸ್ಟಾರ್ಟ್ ಮಾಡಿ ಹೊರಟೇಬಿಟ್ಟರು. ಅಯ್ಯೋ, ಇನ್ನೂ ಅರ್ಧ ಆಟ ಬಾಕಿ ಇದೆ ಅಂತ ಕೂಗಿ ಹೇಳಬೇಕು ಅನ್ನಿಸಿತು. ಮೊದಲ ಹಂತ ಮೇಲೆ ಬೇರೆಯಾಗಿ, ತಿರುಗಿ, ಎಂಜಿನ್ ಉರಿಸಿಕೊಂಡು ದಂಡೆಗೆ ವಾಪಸ್ ಬರಲು ಸುಮಾರು ಎಂಟು ನಿಮಿಷ ಬೇಕು. ಆ ಎಂಟು ನಿಮಿಷ ಕಾರಿನ ಎಂಜಿನ್ ಆಫ್ ಮಾಡಿ, ಬಾಯಿ ಮುಚ್ಚಿ ನಿಲ್ಲಬೇಕು. ಭಾವ ಲೆನ್ಸ್ ಬಿಚ್ಚಿ ಚೀಲಕ್ಕೆ ಹಾಕಿದರು. ಅದು ಅವರ ಸೋಲು ಒಪ್ಪಿಕೊಂಡ ರೀತಿ. ಬಂದು ನನ್ನ ಪಕ್ಕ ಬಾನೆಟ್ ಮೇಲೆ ಅಂಗೈ ಊರಿ ನಿಂತರು.

ಢಂ-ಢಂ!

ಇದಕ್ಕೆ ಯಾರೂ ತಯಾರಿರಲ್ಲ, ಎಷ್ಟೇ ಓದಿಕೊಂಡು ಹೋಗಿರಲಿ. ಕದ ಜೋರಾಗಿ ಬಡಿದ ಹಾಗೆ, ಎದೆ ಮೇಲೆ. ಶಬ್ದಕ್ಕಿಂತ ವೇಗವಾಗಿ ಇಳಿದು ಬರುವ ರಾಕೆಟ್‌ನ ಅಲೆ ಅದು. ಎಂಜಿನ್ ಇರುವ ತುದಿಯಿಂದ ಒಂದು, ಮಡಚಿದ ಕಾಲುಗಳಿಂದ ಒಂದು, ಮೇಲಿರುವ ಜಾಲರಿ ರೆಕ್ಕೆಗಳಿಂದ ಒಂದು, ಹೀಗೆ ಮೂರು ಅಂತ ಲೆಕ್ಕ. ನನಗೆ ಎರಡು ಕೇಳಿಸಿತು. ಭಾವ ಮೂರು ಅಂತ ಇವತ್ತಿಗೂ ವಾದಿಸುತ್ತಾರೆ. ಹಿಂದೆ ಎಲ್ಲೋ ಕಾರಿನ ಅಲಾರಂ ಹೊಡೆದುಕೊಳ್ಳಲು ಶುರುವಾಯಿತು. ಅದರ ಮಧ್ಯೆಯೇ ಇಳಿಯುವ ಎಂಜಿನ್‌ನ ಮೊರೆತ, ಸ್ವಲ್ಪ ಹೊತ್ತು, ಆಮೇಲೆ ಕತ್ತರಿಸಿದ ಹಾಗೆ ನಿಶ್ಶಬ್ದ. ನಮಗೆ ಆ ಮೊರೆತ ಕೇಳುವಷ್ಟರಲ್ಲಿ ಅದು ಆಗಲೇ ನೆಲದ ಮೇಲೆ ನಿಂತಾಗಿತ್ತು. ಅದೇ ವರ್ಷ ಮಾರ್ಚ್‌ನಲ್ಲಿ ಫ್ಲಾರಿಡಾದಿಂದ ಮನುಷ್ಯರನ್ನು ಒಯ್ಯಲು ಮಾಡಿದ ಕ್ರೂ ಡ್ರ್ಯಾಗನ್ ನೌಕೆಯನ್ನು ಮೊದಲ ಪರೀಕ್ಷೆಗೆ ಹೊತ್ತೊಯ್ದ ಹಂತವೇ ಅದು, ಎರಡನೇ ಸಲ ಕೆಲಸಕ್ಕೆ ಬಂದಿತ್ತು.

"ಇನ್ನೊಂದ್ಸಲ ಮಾಡ್ತಾರಾ?" ಅಂದರು ಭಾವ.

ವಾಪಸ್ ಹೋಗುವಾಗ ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಒಂದೇ ವಿಚಾರ. ಮೇಲೆ ಹೋದ ಮೂರೂ ಉಪಗ್ರಹಗಳ ಕೆಲಸವೇ ಮಂಜಿನಾಚೆ ನೋಡೋದು! ಒಂದೊಂದೂ 1,430 ಕಿಲೋ. ಸುಮಾರು 600 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಾ, ಐದೂವರೆ ಸೆಂಟಿಮೀಟರ್ ಉದ್ದದ ರೇಡಿಯೋ ಅಲೆಗಳನ್ನು ಕೆಳಗೆ ಕಳಿಸಿ, ವಾಪಸ್ ಬಂದದ್ದರಿಂದ ಚಿತ್ರ ಮಾಡುತ್ತವೆ. ಸಮುದ್ರದ ಹಿಮ, ಹಡಗು, ನೆರೆ, ಎಲ್ಲ. ರಾತ್ರಿ ಆದರೂ ಸರಿ, ಮೋಡ ಇದ್ದರೂ ಸರಿ. ಮಂಜಿನ ಹನಿ ಒಂದು ಮಿಲಿಮೀಟರಿನ ನೂರನೇ ಒಂದು ಭಾಗದಿಂದ ಐವತ್ತನೇ ಒಂದು ಭಾಗದಷ್ಟು. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ಅಲೆ ಅದಕ್ಕಿಂತ ಎಷ್ಟೋ ಸಣ್ಣದು, ಹಾಗಾಗಿ ಹನಿಗೆ ಬಡಿದು ಚೆದುರಿಹೋಗುತ್ತದೆ. ರೇಡಾರ್ ಅಲೆ ಆ ಹನಿಗಿಂತ ಸಾವಿರಾರು ಪಟ್ಟು ದೊಡ್ಡದು. ಅದಕ್ಕೆ ಹನಿ ಇದೆ ಅಂತಲೇ ಗೊತ್ತಾಗಲ್ಲ. ನಾವು ನಿಂತಿದ್ದ ರಸ್ತೆ, ಬೇಲಿ, ಕಾರು ಎಲ್ಲವೂ ಅದಕ್ಕೆ ಬಟಾಬಯಲು. ಸುಮಾರು ಒಂದು ಗಂಟೆಯಲ್ಲಿ ಮೂರೂ ರಾಕೆಟ್‌ನಿಂದ ಬೇರೆಯಾದವು ಅಂತ ಸುದ್ದಿ ಬಂತು. ನಾವು ಆಗ ಟ್ರಾಫಿಕ್‌ನಲ್ಲಿ, ಮುಂದಿನ ಕಾರಿನ ಕೆಂಪು ದೀಪ ನೋಡಿಕೊಂಡು ಆಮೆ ವೇಗದಲ್ಲಿ ಹೋಗುತ್ತಿದ್ದೆವು.

ಮಂಜು ರಾಕೆಟ್‌ಗೆ ಲೆಕ್ಕಕ್ಕೇ ಇಲ್ಲ ಅಂತ ಮೇಲೆ ಬರೆದೆನಲ್ಲ, ಅದಕ್ಕೆ ಒಂದು ತಿದ್ದುಪಡಿ. 2016ರ ಜನವರಿ 17ಕ್ಕೆ ಇಲ್ಲಿಂದಲೇ ಫಾಲ್ಕನ್ 9ರಲ್ಲಿ ಜೇಸನ್-3 ಹೋಗಿತ್ತು, ಸಮುದ್ರದ ಮಟ್ಟ ಅಳೆಯುವ ಉಪಗ್ರಹ. ಅವತ್ತೂ ದಟ್ಟ ಮಂಜು. ಉಪಗ್ರಹ ಸರಿಯಾಗಿ ಕಕ್ಷೆ ಸೇರಿತು. ಮೊದಲ ಹಂತ ಸಮುದ್ರದಲ್ಲಿದ್ದ ತೇಲುವ ಕಟ್ಟೆಯ ಮೇಲೆ ಸರಿಯಾಗಿಯೇ ಇಳಿಯಿತು, ಆದರೆ ಒಂದು ಕಾಲು ಗಟ್ಟಿಯಾಗಿ ಬೀಗ ಬೀಳದೆ ಮಡಚಿಕೊಂಡು, ರಾಕೆಟ್ ಪಕ್ಕಕ್ಕೆ ಉರುಳಿ ಸ್ಫೋಟಿಸಿತು. ಮೇಲೇಳುವಾಗಿನ ದಟ್ಟ ಮಂಜು ನೀರಾಗಿ, ಹಿಮಗಟ್ಟಿ ಬೀಗದಲ್ಲಿ ಕೂತಿದ್ದು ಕಾರಣ ಇರಬಹುದು ಅಂತ ಫಾಲ್ಕನ್ 9 ಮಾಡುವ ಸ್ಪೇಸ್ಎಕ್ಸ್ ಕಂಪನಿಯ ಎಲಾನ್ ಮಸ್ಕ್ ಆಗ ಹೇಳಿದ್ದರು. ಭಾವನ ಲೆನ್ಸ್ ಮೇಲೆ ಕೂತಿತ್ತಲ್ಲ, ಅಂಥದೇ ಹನಿ.

ಸದ್ದು ರೆಕಾರ್ಡ್ ಮಾಡಿಕೊಳ್ಳುವವರಿಗೆ ಎರಡು ಮಾತು. ಫೋನ್‌ನ ಮೈಕ್ ಸದ್ದು ಜೋರಾದ ಕೂಡಲೇ ತಾನೇ ಮಟ್ಟ ಇಳಿಸಿಬಿಡುತ್ತದೆ. ಆಮೇಲೆ ಕೇಳಿದರೆ ಪ್ಲಾಸ್ಟಿಕ್ ಚೀಲ ಕಸಕಸ ಮಾಡಿದ ಹಾಗಿರುತ್ತದೆ. ಮಟ್ಟವನ್ನು ಕೈಯಲ್ಲಿ ಹೊಂದಿಸುವ ಸಣ್ಣ ರೆಕಾರ್ಡರ್ ಇದ್ದರೆ ಒಯ್ಯಿರಿ, ಮಟ್ಟ ತುಂಬಾ ಕಡಿಮೆ ಇಡಿ, ಮೇಲೆ ಒಂದು ಒಣ ಕಾಲುಚೀಲ ಹಾಕಿ. ಗಾಳಿಯೂ ನಿಲ್ಲುತ್ತದೆ, ಹನಿಯೂ ನಿಲ್ಲುತ್ತದೆ. ನನ್ನ ರೆಕಾರ್ಡಿಂಗ್ ಚೆನ್ನಾಗಿ ಬಂದಿದೆ. ಆದರೆ ಅದರಲ್ಲಿ ಬಾನೆಟ್ ಜುಂ ಅಂದದ್ದು ಇಲ್ಲ.

ಹಾಗಂತ ಮೇಲಿನಿಂದ ನೋಡದೆ ಬಿಟ್ಟಿಲ್ಲ. ಕೆಲವು ವರ್ಷದ ಮೇಲೆ, ಸ್ಟಾರ್‌ಲಿಂಕ್ ಉಡಾವಣೆಗಳು ಇಲ್ಲಿಂದ ಶುರುವಾದ ನಂತರ, ಒಂದು ರಾತ್ರಿ ಭಾವ ಮತ್ತು ನಾನು ಫಿಗೆರೋವಾ ಬೆಟ್ಟ ಹತ್ತಿದೆವು. ಉಡಾವಣಾ ಕಟ್ಟೆಯಿಂದ 60 ಕಿಲೋಮೀಟರ್‌ಗೆ ಸ್ವಲ್ಪ ಕಡಿಮೆ ದೂರ, ಎತ್ತರ 1,300 ಮೀಟರ್‌ಗೂ ಜಾಸ್ತಿ. ಆ ಸಂಜೆಯ ಬಲೂನ್ ಲೆಕ್ಕದಲ್ಲಿ ಮುಚ್ಚಳ 400 ಮೀಟರ್ ಹತ್ತಿರ ಇತ್ತು. ಬೆಟ್ಟದ ಮೇಲೆ ಬೆಚ್ಚಗಿತ್ತು, ತಲೆ ಮೇಲೆ ನಕ್ಷತ್ರ, ಕೆಳಗೆ ಕಣಿವೆಗಳ ತುಂಬ ಮಂಜು. ಬೇರೆ ಬೆಟ್ಟಗಳ ತುದಿ ದ್ವೀಪಗಳ ಹಾಗೆ ಕಾಣುತ್ತಿತ್ತು. ಹೊತ್ತು ಮುಟ್ಟಿದಾಗ ಪಶ್ಚಿಮದಲ್ಲಿ ಆ ಮಂಜು ಒಳಗಿನಿಂದ ಹೊತ್ತಿಕೊಂಡಿತು. ಮೊದಲು ಒಂದು ಕಿತ್ತಳೆ ಚುಕ್ಕೆ, ಗೂಡುದೀಪ ಹೊತ್ತಿಸಿದ ಹಾಗೆ. ಅದು ಅಗಲವಾಗುತ್ತಾ ಹೋಯಿತು, ಮಂಜಿನ ಏರುತಗ್ಗು ಎಲ್ಲ ಕಾಣಿಸಿತು. ಒಂದು ಕ್ಷಣ ಆದ ಮೇಲೆ ಅದನ್ನು ಹರಿದುಕೊಂಡು ಬೆಂಕಿ ಹೊರಬಂತು. ಕಣ್ಣು ಕುಕ್ಕುವ ಬೆಳಕು, ಸದ್ದೇ ಇಲ್ಲ. ರಾಕೆಟ್ ಎಡಕ್ಕೆ, ದಕ್ಷಿಣಕ್ಕೆ ಬಾಗಿತು. ಭಾವನ ಕ್ಯಾಮೆರಾ ಶಟರ್ ತೆರೆದೇ ಇತ್ತು. ಫೋಟೋ ಬಹಳ ಚೆನ್ನಾಗಿ ಬಂದಿದೆ, ಅಕ್ಕ ಅದನ್ನು ದೊಡ್ಡದು ಮಾಡಿಸಿ ಗೋಡೆಗೆ ಹಾಕಿದ್ದಾಳೆ.

ಶಟರ್ ಮುಚ್ಚಿ ಭಾವ ಸುಮ್ಮನೆ ನಿಂತರು. ತಲೆ ಒಂದು ಪಕ್ಕಕ್ಕೆ ವಾಲಿಸಿಕೊಂಡು ಕಾಯುತ್ತಿದ್ದರು. ರಾಕೆಟ್ ಚುಕ್ಕೆಯಾಗಿ ಮಾಯವಾಯಿತು. ಮೂರು ನಿಮಿಷ ಆದ ಮೇಲೆ ಏನೋ ಗುರ್ ಅಂದ ಹಾಗಾಯಿತು. ಗಾಳಿಯೋ, ರಾಕೆಟ್ಟೋ, ಹೇಳೋಕೆ ಕಷ್ಟ. ಈ ಸಲ ಮೊದಲ ಹಂತ ಸಮುದ್ರದಲ್ಲೇ ಇಳಿಯುವುದಿತ್ತು, ಢಂ ಅನ್ನೋದೂ ಇಲ್ಲ.

"ಇಷ್ಟೇನಾ?" ಅಂದರು ಭಾವ. ಅಂಗೈಯನ್ನು ಕಾರಿನ ಬಾನೆಟ್ ಮೇಲೆ ಇಟ್ಟು ನೋಡಿ ತೆಗೆದರು. "ಮುಂದಿನ ಸಲ ಕೆಳಗೇ ಹೋಗೋಣ ಮಾರಾಯ."